ಸತ್ತವರಿಗೂ ಒಂದು ಮನೆಯಿತ್ತು: ಕನ್ನಡ ಕಿರುತೆರೆಗೆ ಪೊಲೀಸ್ ಕತೆ ಬರೆಯುವವರಿಗೆ ಒಂದು ಬಹಿರಂಗ ಪತ್ರ

ಕನ್ನಡದ ಟಿವಿಗೆ ಪತ್ತೇದಾರಿ ಕತೆ ಬರೆಯುವ ಎಲ್ಲ ಲೇಖಕರಿಗೆ, ಅವನ್ನು ಚಿತ್ರೀಕರಿಸುವ ನಿರ್ದೇಶಕರಿಗೆ, ದುಡ್ಡು ಹಾಕುವ ವಾಹಿನಿಯ ಹಿರಿಯರಿಗೆ,

ಬಾದಾಮಿ ತಾಲ್ಲೂಕಿನ ಚೊಳಚಗುಡ್ಡದಿಂದ ಶರಣು.

‘ಸಿಐಡಿ’ ಎಂಬ ಹಿಂದಿ ಧಾರಾವಾಹಿಯ ಬಗ್ಗೆ ನಿಮಗೆ ಬರೆಯುತ್ತಿದ್ದೇನೆ. ಅದನ್ನು ಮಾಡಿದವರು ಮುಂಬೈಯವರು, ನೀವು ಬೆಂಗಳೂರಿನವರು. ಅವರ ಲೆಕ್ಕ ನಿಮ್ಮ ಮುಂದೇಕೆ ಬಿಚ್ಚಬೇಕು ಎಂದು ಕೇಳಬಹುದು. 1998ರ ಜನವರಿ 21ರಂದು ಸೋನಿ ವಾಹಿನಿಯಲ್ಲಿ ಶುರುವಾಗಿ 2018ರ ಅಕ್ಟೋಬರ್ 27ಕ್ಕೆ ನಿಂತ, 1547 ಕಂತು ನಡೆದ ಆ ಪೊಲೀಸ್ ಕತೆ ಹೇಗೆ ಎತ್ತರಕ್ಕೇರಿತು, ಯಾವ ಕಾರಣಕ್ಕೆ ಸೊರಗಿತು ಎನ್ನುವುದನ್ನು ಕನ್ನಡದಲ್ಲಿ ಇಂಥ ಕತೆ ಮಾಡುವವರು ಕೂತು ಯೋಚಿಸಲೇಬೇಕು ಎಂದು ನನಗೆ ಬಲವಾಗಿ ಅನ್ನಿಸಿದೆ. ಕಲರ್ಸ್ ಕನ್ನಡದ ‘ಶಾಂತಂ ಪಾಪಂ’ ಬಂದ ಮೇಲೆ ಅಪರಾಧದ ಕತೆಗೆ ನಮ್ಮಲ್ಲೂ ಮಂದಿ ಇದ್ದಾರೆ ಎಂಬುದು ನಿಮಗೆ ಗೊತ್ತಾಗಿದೆ. ಮುಂದೆ ಬರೆಯುವವರು ನೀವೇ.

ನನ್ನ ಮಾತು ಇಷ್ಟೇ. ಸಿಐಡಿ ಸೊರಗಿದ್ದು ಅದು ಸತ್ತವರನ್ನು ಮರೆತದ್ದರಿಂದ. ಕೊಲೆಯಾದವನು ಯಾರು, ಅವನ ಮನೆಯಲ್ಲಿ ಈಗ ಏನಾಗುತ್ತಿದೆ, ಅವನನ್ನು ಕೊಲ್ಲುವಷ್ಟು ಸಿಟ್ಟು ಇನ್ನೊಬ್ಬನಲ್ಲಿ ಹೇಗೆ ಹುಟ್ಟಿತು ಎಂಬ ಮೂರು ಪ್ರಶ್ನೆ ಇರುವ ತನಕ ಅದು ಕತೆಯಾಗಿತ್ತು. ಆ ಪ್ರಶ್ನೆಗಳನ್ನು ಬಿಟ್ಟ ಮೇಲೆ ಅಲ್ಲಿ ಉಳಿದದ್ದು ನಾಲ್ಕಾರು ಪ್ರಸಿದ್ಧ ಡೈಲಾಗು.

ನಮ್ಮ ಕಡೆ ಅದನ್ನು ಹಿಂದಿಯಲ್ಲೇ ನೋಡಿದ್ದು. ಡಬ್ಬಿಂಗ್‌ಗೆ ಕರ್ನಾಟಕದಲ್ಲಿ ದಶಕಗಳ ಕಾಲ ಅಘೋಷಿತ ತಡೆಯಿತ್ತು. 2015ರಲ್ಲಿ ಭಾರತೀಯ ಸ್ಪರ್ಧಾ ಆಯೋಗ ಅದರ ವಿರುದ್ಧ ಆದೇಶ ಕೊಟ್ಟಿತು. 2020ರ ಲಾಕ್‌ಡೌನಿನಲ್ಲಿ ಮಹಾಭಾರತ ಕನ್ನಡ ಮಾತಾಡಿಕೊಂಡು ಮನೆಗೆ ಬಂದಾಗ ನಮ್ಮ ಹಿರಿಯರು ಎಷ್ಟು ಹಿಗ್ಗಿದರೆಂದು ನಾನು ಬಲ್ಲೆ. ಸಿಐಡಿಯ ಒಳ್ಳೆಯ ವರ್ಷಗಳಲ್ಲಿ ಆ ಭಾಗ್ಯ ಇರಲಿಲ್ಲ. ಆದರೂ ಊರಿನ ಹುಡುಗರು ಎಸಿಪಿ ಪ್ರದ್ಯುಮ್ನರ ಕೈ ತಿರುಗಿಸುವ ಗತ್ತು ಕಲಿತರು, ಅರ್ಧಂಬರ್ಧ ಹಿಂದಿಯನ್ನೂ ಕಲಿತರು. ಹಿಂದಿ ತಿಳಿಯದ ಅವ್ವಂದಿರಿಗೆ ಮಕ್ಕಳು ಪಕ್ಕದಲ್ಲಿ ಕೂತು ಕತೆ ಬಿಡಿಸಿ ಹೇಳುತ್ತಿದ್ದರು. ಹಾಗೆ ಬಿಡಿಸಿ ಹೇಳಲು ಅಲ್ಲಿ ಕತೆಯೊಂದು ಇತ್ತು ಎಂಬುದನ್ನು ದಯವಿಟ್ಟು ಗಮನಿಸಿ. ಬಾಗಿಲು ಮುರಿಯುವ ಇನ್ಸ್‌ಪೆಕ್ಟರ್ ದಯಾ ನಮ್ಮ ಉಡುಪಿ ಕಡೆಯ ಕಟಪಾಡಿಯವರು, ಹೆಸರು ದಯಾನಂದ ಶೆಟ್ಟಿ, ಡಿಸ್ಕಸ್ ಎಸೆತದ ಆಟಗಾರರಾಗಿದ್ದವರು ಎಂದು ತಿಳಿದಾಗ ಆ ಧಾರಾವಾಹಿಯಲ್ಲಿ ನಮಗೂ ಒಂದು ಪಾಲಿದೆ ಎನ್ನಿಸಿತ್ತು.

ಅದರ ಹುಟ್ಟನ್ನು ನೋಡಿ. ನಿರ್ಮಾಪಕ ಬಿ.ಪಿ. ಸಿಂಗ್ ಮೊದಲು ಕ್ಯಾಮೆರಾ ಹಿಡಿದವರು. ಸಿಐಡಿಗಿಂತ ಮುಂಚೆ ಅವರು ಮರಾಠಿಯಲ್ಲಿ ‘ಏಕ್ ಶೂನ್ಯ ಶೂನ್ಯ’ ಎಂಬ ಪೊಲೀಸ್ ಧಾರಾವಾಹಿ ಮಾಡಿದ್ದರು. ಎಸಿಪಿ ಪ್ರದ್ಯುಮ್ನರ ಪಾತ್ರ ಮಾಡಿದ ಶಿವಾಜಿ ಸಾಟಮ್ ಅದರಲ್ಲೂ ಇದ್ದರು. ಸಾಟಮ್ ಬ್ಯಾಂಕಿನಲ್ಲಿ ಕ್ಯಾಶಿಯರ್ ಆಗಿದ್ದವರು, ಮರಾಠಿ ರಂಗಭೂಮಿಯಲ್ಲಿ ಪಳಗಿದವರು. ದೇಶವೆಲ್ಲ ನೋಡಿದ ಪೊಲೀಸ್ ಕತೆಯ ಬೇರು ಹೀಗೆ ಒಂದು ಪ್ರಾದೇಶಿಕ ಭಾಷೆಯ ಸಣ್ಣ ಧಾರಾವಾಹಿಯಲ್ಲಿತ್ತು. ಮೊದಲ ಪ್ರಕರಣ ಕಳುವಾದ ಒಂದು ಬಂದೂಕಿನದು. ಪೊಲೀಸ್ ಕತೆಗೆ ಎಂಥ ಒಳ್ಳೆಯ ಆರಂಭ! ಬಂದೂಕು ಒಬ್ಬರ ಕೈಯಿಂದ ಇನ್ನೊಬ್ಬರ ಕೈಗೆ ಹೋಗುತ್ತದೆ, ಹೋದ ಕಡೆಯೆಲ್ಲ ಒಬ್ಬ ಮನುಷ್ಯ ಇರುತ್ತಾನೆ. ಆ ಮೊದಲ ವರ್ಷಗಳಲ್ಲಿ ಅಶುತೋಷ್ ಗೋವಾರಿಕರ್ ಇನ್ಸ್‌ಪೆಕ್ಟರ್ ಪಾತ್ರ ಮಾಡುತ್ತಿದ್ದರು, ಶ್ರೀಧರ್ ರಾಘವನ್‌ರಂಥವರು ಕತೆ ಬರೆಯುತ್ತಿದ್ದರು. ಒಂದು ಕತೆ ಎರಡು ವಾರ ಹರಡಿಕೊಳ್ಳುತ್ತಿತ್ತು. ನಡುವಿನ ಏಳು ದಿನ ನೋಡುವವರು ತಾವೇ ತನಿಖೆ ಮಾಡಿಕೊಳ್ಳುತ್ತಿದ್ದರು. ಕಟ್ಟೆಯ ಮೇಲೆ, ಹಿಟ್ಟಿನ ಗಿರಣಿಯ ಮುಂದೆ, ಬಸ್ಸಿನಲ್ಲಿ ಮಾತು ನಡೆಯುತ್ತಿತ್ತು: ಆ ಮ್ಯಾನೇಜರನ ಮೇಲೆ ನನಗೆ ಸಂಶಯ, ಅಲ್ಲ, ಆ ತಂಗಿ ಸುಳ್ಳು ಹೇಳುತ್ತಿದ್ದಾಳೆ.

2004ರ ನವೆಂಬರ್ 7ರಂದು ಸಿಐಡಿ ತಂಡದವರು 111 ನಿಮಿಷದ ಒಂದು ಕಂತನ್ನು ಎಲ್ಲೂ ಕತ್ತರಿಸದೆ ಒಂದೇ ಶಾಟಿನಲ್ಲಿ ತೆಗೆದು ತೋರಿಸಿದರು. ಗಿನ್ನೆಸ್ ದಾಖಲೆಗೆ ಹೋಯಿತು. ನಾನು ಅದನ್ನು ಮೆಚ್ಚುವುದು ದಾಖಲೆಗಾಗಿ ಅಲ್ಲ. ಅಷ್ಟು ಹೊತ್ತು ತಪ್ಪದೆ ನಿಲ್ಲಬೇಕೆಂದರೆ ನಟನಿಗೆ ಕತೆ ಪೂರ್ತಿ ಗೊತ್ತಿರಬೇಕು. ತನ್ನ ಮಾತಿನ ಹಿಂದೆ ಯಾರ ಮಾತಿತ್ತು, ಮುಂದೆ ಯಾರ ಮಾತಿದೆ ಎಂಬ ಎಚ್ಚರ ಬೇಕು. ನಮ್ಮ ಬನಶಂಕರಿ ಜಾತ್ರೆಯ ತಗಡಿನ ಥಿಯೇಟರುಗಳಲ್ಲಿ ಕಲಾವಿದರು ರಾತ್ರಿಗೆ ಎರಡು ಮೂರು ಸಲ ಮಾಡುವ ಕೆಲಸ ಅದೇ. ರೀಟೇಕ್ ಇಲ್ಲ.

ಈ ಜಾತ್ರೆಯ ಮಾತು ಬಂದದ್ದರಿಂದ ಸ್ವಲ್ಪ ನಿಂತು ಹೇಳುತ್ತೇನೆ, ಏಕೆಂದರೆ ಬಹಳ ದಿನ ನಡೆಯುವ ನಾಟಕ ಹೇಗೆ ಬದುಕುತ್ತದೆ, ಹೇಗೆ ಕೆಡುತ್ತದೆ ಎಂಬುದನ್ನು ನಮ್ಮೂರಿನವರು ಟಿವಿಗಿಂತ ಮೊದಲೇ ಕಂಡಿದ್ದಾರೆ. ಬನದ ಹುಣ್ಣಿಮೆಗೆ ತೇರು ಎಳೆದ ಮೇಲೆ ಸುಮಾರು ಒಂದು ತಿಂಗಳು ಇಲ್ಲಿ ನಾಟಕ ಕಂಪನಿಗಳು ಕ್ಯಾಂಪ್ ಹಾಕುತ್ತವೆ. ಚೌಕಟ್ಟು, ಬಾಗಿಲು ಮಾರುವವರ ಸಾಲಿನಾಚೆ, ಹರಿದ್ರಾ ತೀರ್ಥದ ಹೊಂಡದ ಸುತ್ತಿನ ಗದ್ದಲ ದಾಟಿದರೆ ಒಂದರ ಪಕ್ಕ ಒಂದು ಕಂಪನಿ. ಎತ್ತಿನ ಗಾಡಿ ಕಟ್ಟಿಕೊಂಡು ಬರುತ್ತಿದ್ದವರ ಮೊಮ್ಮಕ್ಕಳು ಈಗ ಟಂಟಂನಲ್ಲಿ ಬರುತ್ತಾರೆ. ಆಟ ಮುಗಿಯುವ ತನಕ ಊರಿಗೆ ಮರಳುವುದಿಲ್ಲ. ಈ ಕಂಪನಿಗಳಿಗೆ ನಾಟಕ ಬರೆದವರನ್ನು ನಮ್ಮ ಕಡೆ ಕವಿ ಎಂದೇ ಕರೆಯುವುದು. ಇಳಕಲ್ಲಿನ ಸಮೀಪದ ಕಂದಗಲ್ಲದ ಹನುಮಂತರಾಯರು, ಹುನಗುಂದ ತಾಲ್ಲೂಕಿನ ಸೂಳೇಭಾವಿಯ ಪಿ.ಬಿ. ಧುತ್ತರಗಿಯವರು ಈ ಜಿಲ್ಲೆಯ ಮಣ್ಣಿನವರು. ಧುತ್ತರಗಿಯವರ ‘ಸಂಪತ್ತಿಗೆ ಸವಾಲ್’ 1974ರಲ್ಲಿ ರಾಜಕುಮಾರ್ ಸಿನಿಮಾ ಆಯಿತು.

ಕಂದಗಲ್ಲರ ‘ರಕ್ತರಾತ್ರಿ’ಯನ್ನು ನೆನೆಯಿರಿ. ಉಪಪಾಂಡವರನ್ನು ನಿದ್ದೆಯಲ್ಲಿ ಕೊಂದವನು ಅಶ್ವತ್ಥಾಮ ಎಂದು ಕುರಿ ಕಾಯುವ ಹುಡುಗನಿಗೂ ಗೊತ್ತು. ಪತ್ತೆ ಹಚ್ಚಲು ಅಲ್ಲಿ ಏನೂ ಇಲ್ಲ. ಆದರೂ ಮಂದಿ ಬೆಳಗಿನ ತನಕ ಕೂತು ನೋಡಿದ್ದು ಏಕೆ? ಅಪ್ಪನನ್ನು ಕಳೆದುಕೊಂಡವನ ಸಿಟ್ಟು ಎಲ್ಲಿಯವರೆಗೆ ಹೋಗುತ್ತದೆ, ಐದು ಮಕ್ಕಳ ತಾಯಿ ಅದನ್ನು ಹೇಗೆ ತಾಳಿಕೊಳ್ಳುತ್ತಾಳೆ ಎಂದು ನೋಡಲು. ಕೊಂದವನು ಯಾರೆಂಬ ಗುಟ್ಟು ಒಂದು ರಾತ್ರಿಗೆ ಸಾಕು. ಏಕೆ ಕೊಂದ ಎಂಬುದು ನೂರು ರಾತ್ರಿಗೂ ತೀರದು.

ನಮ್ಮ ಸಾಮಾಜಿಕ ನಾಟಕಗಳಲ್ಲಿ ಫೌಜದಾರನ ಪಾತ್ರ ಇದ್ದೇ ಇರುತ್ತಿತ್ತು. ಚಿಂದೋಡಿ ಲೀಲಾ ಅವರ ಕೆ.ಬಿ.ಆರ್. ಡ್ರಾಮಾ ಕಂಪನಿಯ ‘ಪೊಲೀಸನ ಮಗಳು’ ಹೆಸರಿನಲ್ಲೇ ಖಾಕಿ ಹೊತ್ತಿತ್ತು. ಫೌಜದಾರ ಕೊನೆಯ ಸೀನಿಗೆ ಬಂದು ಬೇಡಿ ತೊಡಿಸಿದಾಗ ಶಿಳ್ಳೆ ಬೀಳುತ್ತಿದ್ದದ್ದು ಅವನಿಗಲ್ಲ, ಅಲ್ಲಿಯ ತನಕ ನೊಂದ ಹೆಣ್ಣುಮಗಳಿಗೆ. ಆಮೇಲೆ ಏನಾಯಿತು? ಮನೆಮನೆಗೆ ಟಿವಿ ಬಂತು, ಗಲ್ಲಾಪೆಟ್ಟಿಗೆ ಸೊರಗಿತು. ನಗಿಸಿದರೆ ಮಂದಿ ಬರುತ್ತಾರೆ ಎಂದು ಹಾಸ್ಯಪಾತ್ರ ಬೆಳೆಯಿತು, ಹಾಸ್ಯದಲ್ಲಿ ಎರಡರ್ಥದ ಮಾತು ಬೆಳೆಯಿತು, ಕವಿ ಬರೆದ ಹಾಳೆ ಪ್ರತಿ ವರ್ಷ ಇಷ್ಟಿಷ್ಟೇ ಕಡಿಮೆಯಾಯಿತು. ಈಗಲೂ ಇಲ್ಲಿಗೆ ಒಳ್ಳೆಯ ಕಲಾವಿದರು ಬರುತ್ತಾರೆ, ಒಳ್ಳೆಯ ಕಂಠಗಳು ಇವೆ. ಅವರ ಬಾಯಿಗೆ ಕೊಡಲು ಹೊಸ ನಾಟಕಗಳು ಸಾಲುತ್ತಿಲ್ಲ. ಇದನ್ನು ಹೇಳುವಾಗ ನನಗೆ ಸಂಕಟವಾಗುತ್ತದೆ, ಏಕೆಂದರೆ ಆ ತಗಡಿನ ಥಿಯೇಟರುಗಳು ನಮ್ಮೂರಿನ ಹೆಮ್ಮೆ.

ಸಿಐಡಿಗೆ ಆದದ್ದೂ ಇದೇ. ಜನ ಮೆಚ್ಚಿದರು ಎಂದು ವಾರಕ್ಕೊಂದು ಕಂತು ಇದ್ದದ್ದು ಎರಡಾಯಿತು, ಒಂದು ಕಾಲಕ್ಕೆ ಮೂರೂ ಆಯಿತು. ವಾರಕ್ಕೆ ಮೂರು ಕೊಲೆ ಬರೆಯಬೇಕಾದ ಲೇಖಕ ಸತ್ತವನ ಮನೆಗೆ ಹೋಗಿ ಬರಲು ಸಮಯ ಎಲ್ಲಿಂದ ತರಬೇಕು? ಅವನು ಅಚ್ಚರಿಯ ಹಿಂದೆ ಬಿದ್ದ. ಹೆಣ ವಿಚಿತ್ರ ಜಾಗಗಳಲ್ಲಿ ಸಿಗತೊಡಗಿತು. ಕೊಲೆಗಾರರು ಮುಖವಾಡ ತೊಟ್ಟರು, ಯಂತ್ರ ತಂದರು, ಒಬ್ಬರ ಹಾಗೆ ಇನ್ನೊಬ್ಬರು ವೇಷ ಹಾಕಿದರು. ವಿಧಿವಿಜ್ಞಾನ ತಜ್ಞ ಡಾ. ಸಾಳುಂಖೆ ನಿಂತ ನಿಲುವಿನಲ್ಲಿ ವಿಷದ ಹೆಸರು ಹೇಳಿದರು. ‘ಕುಛ್ ತೋ ಗಡ್‌ಬಡ್ ಹೈ’, ‘ದಯಾ, ದರ್‌ವಾಜಾ ತೋಡ್ ದೋ’ ಎಂಬ ಮಾತುಗಳು ಪ್ರತಿ ಕಂತಿನ ಕಡ್ಡಾಯ ಬಾಬತ್ತಾದವು. ಮೊದಲು ಬಾಗಿಲು ಮುರಿಯುತ್ತಿದ್ದದ್ದು ಒಳಗೆ ಯಾರೋ ಇದ್ದಾರೆಂದು, ತಡಮಾಡಿದರೆ ಜೀವ ಹೋಗುತ್ತದೆಂದು. ಬರಬರುತ್ತ ಮಂದಿ ಕಾಯುತ್ತಾರೆಂಬ ಕಾರಣಕ್ಕೇ ಮುರಿದರು. ಫ್ರೆಡರಿಕ್ಸ್ ಪಾತ್ರದ ದಿನೇಶ್ ಫಡ್ನಿಸ್ 2023ರ ಡಿಸೆಂಬರಿನಲ್ಲಿ ತೀರಿಕೊಂಡಾಗ ನಮ್ಮೂರಲ್ಲೂ ಮರುಗಿದವರಿದ್ದಾರೆ. ಅವರ ಸಾದಾ ನಗೆ ಹೆಣದ ಮುಂದೆ ನಿಂತವರ ಭಾರ ಇಳಿಸುತ್ತಿತ್ತು. ಭಾರವೇ ಇಲ್ಲದ ಕಂತುಗಳಲ್ಲಿ ಆ ಒಳ್ಳೆಯ ನಟನಿಗೂ ಮಾಡಲು ಕೆಲಸ ಉಳಿಯಲಿಲ್ಲ.

ಇದಕ್ಕಿಂತ ನನ್ನನ್ನು ಹೆಚ್ಚು ಕಾಡಿದ್ದು ದಯಾನ ಕಪಾಳಮೋಕ್ಷ. ಆರೋಪಿಗೆ ಒಂದು ಏಟು ಬೀಳುತ್ತದೆ, ಅವನು ಎಲ್ಲ ಒಪ್ಪಿಕೊಳ್ಳುತ್ತಾನೆ, ಎಸಿಪಿ ಸಾಹೇಬರು ನಿನಗೆ ಗಲ್ಲು ಎಂದು ಅಲ್ಲೇ ಹೇಳಿಬಿಡುತ್ತಾರೆ. ಪೊಲೀಸ್ ಅಧಿಕಾರಿಯ ಮುಂದೆ ಕೊಟ್ಟ ತಪ್ಪೊಪ್ಪಿಗೆಯನ್ನು ಆರೋಪಿಯ ವಿರುದ್ಧ ಸಾಕ್ಷ್ಯವಾಗಿ ಬಳಸುವಂತಿಲ್ಲ ಎಂದು ಬ್ರಿಟಿಷರ ಕಾಲದ ಸಾಕ್ಷ್ಯ ಕಾಯ್ದೆಯ 25ನೆಯ ಕಲಮು ಹೇಳುತ್ತಿತ್ತು. 2024ರ ಜುಲೈ 1ರಿಂದ ಬಂದ ಭಾರತೀಯ ಸಾಕ್ಷ್ಯ ಅಧಿನಿಯಮದಲ್ಲೂ 23ನೆಯ ಕಲಮು ಅದನ್ನೇ ಉಳಿಸಿಕೊಂಡಿದೆ. ಠಾಣೆಯ ಹೆಸರು ಕೇಳಿದರೇ ಕೈಕಾಲು ನಡುಗುವ ಬಡವರು ನಮ್ಮ ಹಳ್ಳಿಗಳಲ್ಲಿ ಇಂದಿಗೂ ಇದ್ದಾರೆ. ಪೊಲೀಸರ ಏಟು ಬಿದ್ದರೆ ಸತ್ಯ ಹೊರಬರುತ್ತದೆ ಎಂದು ಇಪ್ಪತ್ತು ವರ್ಷ ಮಕ್ಕಳಿಗೆ ತೋರಿಸಿದ್ದು ಸಣ್ಣ ಮಾತಲ್ಲ. ಕಸುಬಿನ ದೃಷ್ಟಿಯಿಂದಲೂ ಅದು ಸೋಲೇ: ಏಟಿನಿಂದ ಬಾಯಿ ಬಿಡಿಸುವ ಕತೆಗಾರನಿಗೆ ಸುಳಿವು ಹೆಣೆಯುವ ಕಷ್ಟ ಬೇಕಾಗುವುದಿಲ್ಲ.

ಪ್ರೇಕ್ಷಕರ ಅಭಿರುಚಿ ಬದಲಾಯಿತು, ಮೊಬೈಲು ಬಂತು, ಅದಕ್ಕೇ ಹೀಗಾಯಿತು ಎನ್ನುವವರಿದ್ದಾರೆ. ನಾನು ಒಪ್ಪುವುದಿಲ್ಲ. 2024ರ ಡಿಸೆಂಬರ್ 21ರಂದು ಸಿಐಡಿ ಮತ್ತೆ ಶುರುವಾದಾಗ ಜನ ಬಾಚಿ ತಬ್ಬಿಕೊಂಡರಲ್ಲ! ಅಷ್ಟು ಪ್ರೀತಿಗೆ ಅವರು ಕೊಟ್ಟದ್ದೇನು? 2025ರ ಏಪ್ರಿಲಿನಲ್ಲಿ ಎಸಿಪಿ ಪ್ರದ್ಯುಮ್ನ ಸತ್ತರೆಂದು ಸಾರಿದರು, ಅವರ ಜಾಗಕ್ಕೆ ಹೊಸಬರನ್ನು ತಂದರು. ಜನ ದುಃಖಪಟ್ಟರು, ಸಿಟ್ಟಾದರು. ಮುಂದೆ ಪ್ರದ್ಯುಮ್ನ ಬದುಕಿ ಬಂದರು. ನಾಯಕನ ಸಾವನ್ನೇ ಹೀಗೆ ಹಗುರಾಗಿ ಆಡಿಸುವ ಕಡೆ ಹಾದಿಯಲ್ಲಿ ಬಿದ್ದ ಅನಾಮಧೇಯ ಹೆಣಕ್ಕೆ ಯಾವ ಬೆಲೆ ಸಿಕ್ಕೀತು?

ಇಂಗ್ಲೆಂಡಿನಲ್ಲಿ ‘ದಿ ಬಿಲ್’ ಎಂಬ ಪೊಲೀಸ್ ಧಾರಾವಾಹಿ 1984ರಿಂದ 2010ರ ತನಕ ನಡೆಯಿತು. ಬಹಳ ವರ್ಷ ಅದು ಪೊಲೀಸರ ಕೆಲಸವನ್ನಷ್ಟೇ ತೋರಿಸಿತು, ಅವರ ಮನೆಯ ಜಗಳಕ್ಕೆ ಕೈಹಾಕಲಿಲ್ಲ. 2000ದ ನಂತರ ಠಾಣೆಯೊಳಗಿನ ಪ್ರೇಮ, ದ್ವೇಷ, ಬೆಂಕಿ ಅನಾಹುತ ಎಂದು ಹಾದಿ ಬದಲಿಸಿ ಹಳೆಯ ಗುರುತು ಕಳೆದುಕೊಂಡಿತು. ಜರ್ಮನಿಯ ‘ಟಾಟೋರ್ಟ್’ ಮಾತ್ರ 1970ರ ನವೆಂಬರಿನಲ್ಲಿ ಹುಟ್ಟಿ ಇಂದಿಗೂ ಭಾನುವಾರ ಸಂಜೆ ಜನರನ್ನು ಕೂರಿಸುತ್ತದೆ. ಅದರ ಕ್ರಮ ನಿಮಗೆ ಉಪಯೋಗಕ್ಕೆ ಬರಬಹುದು. ಅಲ್ಲಿ ಪ್ರತಿ ಪ್ರಾಂತ್ಯದ ಪ್ರಸಾರ ಸಂಸ್ಥೆ ತನ್ನ ನಗರದ ಪೊಲೀಸರ ಕತೆಯನ್ನು ತಾನೇ ಮಾಡುತ್ತದೆ. ಒಂದು ವಾರ ಒಂದು ಊರು, ಮುಂದಿನ ವಾರ ಇನ್ನೊಂದು. ಅಲ್ಲಿಯ ಬೀದಿ, ಅಲ್ಲಿಯ ಮಾತು, ಅಲ್ಲಿಯ ಸಂಕಟ. ಒಂದು ತಂಡಕ್ಕೆ ವರ್ಷಕ್ಕೆ ಎರಡು ಮೂರು ಕತೆ ಮಾತ್ರ. ಬರೆಯುವವರಿಗೆ ಉಸಿರಾಡಲು ಜಾಗವಿದೆ.

ಕರ್ನಾಟಕದಲ್ಲಿ ಇದನ್ನು ಮಾಡಲು ಬರುವುದಿಲ್ಲವೇ? ಮಂಗಳೂರಿಗೆ ಒಂದು ತಂಡ, ಕಲಬುರಗಿಗೆ ಒಂದು, ಚಾಮರಾಜನಗರಕ್ಕೆ ಒಂದು, ಬಾಗಲಕೋಟೆಗೆ ಒಂದು. ಓದುವ ಪತ್ತೇದಾರಿ ನಮಗೆ ಹೊಸದಲ್ಲ. ಹೆಚ್ಚು ಶಾಲೆ ಕಲಿಯದ ಎನ್. ನರಸಿಂಹಯ್ಯನವರು ಐನೂರಕ್ಕೂ ಹೆಚ್ಚು ಕಾದಂಬರಿ ಬರೆದರು. ಪತ್ತೇದಾರ ಪುರುಷೋತ್ತಮನನ್ನು ಓದಲೆಂದೇ ಅಕ್ಷರ ಕೂಡಿಸಿ ಓದುವುದನ್ನು ರೂಢಿಮಾಡಿಕೊಂಡ ಕನ್ನಡಿಗರಿದ್ದಾರೆ. ಆ ಓದುಗರ ಮನೆಗಳಲ್ಲೇ ಈಗ ಟಿವಿಗಳಿವೆ.

ಕತೆ ಬೇಕೆಂದರೆ ನಮ್ಮ ಜಿಲ್ಲೆಗೆ ಬನ್ನಿ. ಆಲಮಟ್ಟಿ ಹಿನ್ನೀರಿಗೆ ಬಾಗಲಕೋಟೆಯ ಓಣಿ ಓಣಿಗಳು ಹೋದವು, ಮುಳುಗಡೆ ಪರಿಹಾರದ ಹಣ ಮನೆಗಳಿಗೆ ಬಂತು. ಹಣದ ಜೊತೆ ಅಣ್ಣತಮ್ಮಂದಿರ ನಡುವೆ ಏನೇನು ಬಂದಿರಬಹುದು, ಯೋಚಿಸಿ. ಗೋವಾಕ್ಕೆ, ಮಂಗಳೂರಿಗೆ ದುಡಿಯಲು ಹೋಗುವ ಕುಟುಂಬಗಳಿವೆ. ಹೋದವನು ಫೋನು ಎತ್ತುವುದು ನಿಲ್ಲಿಸಿದರೆ ಹೆಂಡತಿ ಯಾವ ಠಾಣೆಗೆ ಹೋಗಬೇಕು, ಇಲ್ಲಿಯದೋ ಅಲ್ಲಿಯದೋ? ದೂರು ಬರೆದುಕೊಳ್ಳುವ ಹವಾಲ್ದಾರ ಅವಳಿಗೆ ಕುರ್ಚಿ ಕೊಡುತ್ತಾನೋ ಇಲ್ಲವೋ? ಇದರಲ್ಲಿ ಮುಖವಾಡ ಬೇಡ, ಯಂತ್ರ ಬೇಡ. ಪಂಚನಾಮೆಗೆ ಸಹಿ ಹಾಕಲು ಕರೆದಾಗ ಹಿಂದೆ ಸರಿಯುವ ಊರಿನವರ ಮುಖ ಸಾಕು. ಒಬ್ಬ ಪಂಚ ಏಕೆ ಹೆದರಿದ ಎಂಬುದರಿಂದಲೇ ಒಂದು ಕಂತು ಬರೆಯಬಹುದು.

ನಿಜವಾದ ತನಿಖೆ ಎಷ್ಟು ತಾಳ್ಮೆಯದು ಎಂಬುದಕ್ಕೆ ನಮ್ಮ ಕಣ್ಣೆದುರೇ ಒಂದು ನೋವಿನ ಉದಾಹರಣೆಯಿದೆ. 2015ರ ಆಗಸ್ಟ್ 30ರ ಬೆಳಿಗ್ಗೆ ಧಾರವಾಡದಲ್ಲಿ ವಿದ್ವಾಂಸ ಡಾ. ಎಂ.ಎಂ. ಕಲಬುರ್ಗಿಯವರ ಮನೆಗೆ ಬಂದವರು ಅವರಿಗೆ ಗುಂಡಿಕ್ಕಿದರು. ಮೊದಲು ತನಿಖೆ ಮಾಡಿದ್ದು ನಮ್ಮ ರಾಜ್ಯದ ನಿಜವಾದ ಸಿಐಡಿ. ವರ್ಷಗಳು ಉರುಳಿದವು. 2017ರ ಸೆಪ್ಟೆಂಬರ್ 5ರಂದು ಬೆಂಗಳೂರಿನಲ್ಲಿ ಪತ್ರಕರ್ತೆ ಗೌರಿ ಲಂಕೇಶ್ ಹತ್ಯೆಯಾದ ಮೇಲೆ, ಎರಡೂ ಕಡೆ ಹಾರಿದ ಗುಂಡುಗಳು ಒಂದೇ ಪಿಸ್ತೂಲಿನವು ಎಂಬುದನ್ನು ವಿಧಿವಿಜ್ಞಾನ ಪ್ರಯೋಗಾಲಯದವರು ಗುರುತುಗಳನ್ನು ಹೋಲಿಸಿ ಹೇಳಿದರು. 2019ರಲ್ಲಿ ಸುಪ್ರೀಂ ಕೋರ್ಟ್ ಕಲಬುರ್ಗಿ ಪ್ರಕರಣವನ್ನೂ ವಿಶೇಷ ತನಿಖಾ ತಂಡಕ್ಕೆ ಒಪ್ಪಿಸಿತು. ಅಲ್ಲಿ ಬಾಗಿಲು ಮುರಿದವರು ಯಾರೂ ಇರಲಿಲ್ಲ. ಗುಂಡಿನ ಹಿಂಬದಿಯ ಗೆರೆ ನೋಡುತ್ತ ಕೂತವರಿದ್ದರು, ಸಾವಿರಾರು ಫೋನ್ ಕರೆ ಜಾಲಾಡಿದವರಿದ್ದರು, ಇತ್ತ ಮನೆಯಲ್ಲಿ ಕಾಯುತ್ತ ಕೂತ ಹೆಂಡತಿ ಮಕ್ಕಳಿದ್ದರು. ಈ ಪ್ರಕರಣವನ್ನೇ ಧಾರಾವಾಹಿ ಮಾಡಿ ಎನ್ನುತ್ತಿಲ್ಲ. ಆ ಮನೆಯವರ ದುಃಖ ಅವರದು. ಕಾಯುವವರು ಇರುತ್ತಾರೆ ಎಂಬುದನ್ನು ನಿಮ್ಮ ಕತೆ ಮರೆಯಬಾರದು ಎನ್ನುತ್ತಿದ್ದೇನೆ.

ಲೇಖಕ ಮಿತ್ರರೇ, ನಿಮ್ಮಲ್ಲಿ ನನ್ನ ಬೇಡಿಕೆ ಸ್ಪಷ್ಟವಾಗಿದೆ. ಪ್ರತಿ ಕತೆಯಲ್ಲೂ ಸತ್ತವರ ಮನೆಗೆ ಒಮ್ಮೆ ನಮ್ಮನ್ನು ಕರೆದುಕೊಂಡು ಹೋಗಿ. ಆರೋಪಿಯ ಮೈಮೇಲೆ ಕೈಮಾಡದೆ ಸತ್ಯ ಕಂಡುಹಿಡಿಯುವ ಒಬ್ಬ ಫೌಜದಾರನನ್ನು, ಇಲ್ಲವೇ ಒಬ್ಬ ಹೆಣ್ಣುಮಗಳು ಪಿಎಸ್ಐಯನ್ನು ಸೃಷ್ಟಿಸಿ. ಅವರು ಬಾಗಲಕೋಟೆಯವರಾದರೆ ಬಾಗಲಕೋಟೆಯ ಮಾತು ಆಡಲಿ, ನಗಿಸಲಿಕ್ಕಲ್ಲ, ಅದು ಅವರ ಮಾತು ಎಂಬ ಕಾರಣಕ್ಕೆ. ನಿಮ್ಮ ಪಾತ್ರದ ಒಂದು ಡೈಲಾಗು ಜನಪ್ರಿಯವಾದ ದಿನ ಎಚ್ಚರವಾಗಿರಿ. ಮುಂದಿನ ವಾರವೂ ಅದನ್ನೇ ಹೇಳಿಸಿ ಎಂದು ಮೇಲಿನವರು ಕೇಳುತ್ತಾರೆ, ಆಗ ಆಗದು ಎನ್ನಿ.

ವಾಹಿನಿಯ ಹಿರಿಯರೇ, ಹಾಗೆ ಆಗದು ಎನ್ನುವ ಧೈರ್ಯ ಲೇಖಕರಿಗೆ ಬರಬೇಕಾದರೆ ನೀವು ಅವರಿಗೆ ಸಮಯ ಕೊಡಬೇಕು, ತಕ್ಕ ಸಂಬಳ ಕೊಡಬೇಕು. ವಾರಕ್ಕೆ ಐದು ಕಂತಿನ ಲೆಕ್ಕವನ್ನು ಪೊಲೀಸ್ ಕತೆಗೆ ಹಚ್ಚಬೇಡಿ. ವರ್ಷಕ್ಕೆ ಹನ್ನೆರಡು ಒಳ್ಳೆಯ ಪ್ರಕರಣ ಕೊಟ್ಟರೂ ನಾವು ಕಾಯುತ್ತೇವೆ. ಎರಡು ವಾರಕ್ಕೊಂದು ಕತೆಗೆ ಕಾದವರು ನಾವು, ವರ್ಷಕ್ಕೊಂದು ಸಲ ಬರುವ ನಾಟಕಕ್ಕೆ ಹನ್ನೊಂದು ತಿಂಗಳು ಕಾಯುವವರು ನಾವು.

ಮುಂದಿನ ಬನದ ಹುಣ್ಣಿಮೆಗೆ ನಿಮ್ಮಲ್ಲಿ ಕೆಲವರಾದರೂ ಇಲ್ಲಿಗೆ ಬನ್ನಿ. ಹಗಲು ದೇವಿಯ ದರ್ಶನ ಮಾಡಿ, ಗುಡಿಯ ಮುಂದೆ ಬುಟ್ಟಿ ಇಟ್ಟುಕೊಂಡು ಕೂತ ಅವ್ವಂದಿರ ಹತ್ತಿರ ರೊಟ್ಟಿ, ಕೆನೆಮೊಸರು ಉಂಡು, ರಾತ್ರಿ ಕೊನೆಯ ಆಟಕ್ಕೆ ಹಿಂದಿನ ಸಾಲಿನಲ್ಲಿ ಕೂರಿ. ಸ್ಟೇಜಿನ ಕಡೆಗಿಂತ ಮಂದಿಯ ಕಡೆ ಹೆಚ್ಚು ನೋಡಿ. ಎಲ್ಲಿ ಎದ್ದು ಬೀಡಿ ಸೇದಲು ಹೊರಗೆ ಹೋಗುತ್ತಾರೆ, ಯಾವ ಸೀನಿಗೆ ಓಡಿ ಒಳಗೆ ಬರುತ್ತಾರೆ ಎಂಬುದನ್ನು ಬರೆದುಕೊಳ್ಳಿ. ಟಿಕೆಟ್ಟು ನಮ್ಮೂರಿನವರು ತೆಗೆಸುತ್ತೇವೆ.

ಇಂತಿ ನಿಮ್ಮ ಕತೆಗಾಗಿ ಕಾಯುವ,
ಚೊಳಚಗುಡ್ಡದ ಒಬ್ಬ ಪ್ರೇಕ್ಷಕ